ಕೈರೋದಲ್ಲಿ ಕೋಡುಬಳೆ

ಅಗ್ಗಕ್ಕೆ ಸಿಕ್ಕಿದ ಟಿಕೆಟ್ಟಿನಲ್ಲಿ ಎಲ್ಲಾದರೂ ಒಂದು ಕೊಕ್ಕೆ ಇದ್ದೇ ಇರುತ್ತದೆ. ಕೈರೋಗೆ ವಿಮಾನ, ಅಲ್ಲಿ ಹೋಟೆಲು, ಪಿರಮಿಡ್ಡಿನ ಎದುರು ಒಂಟೆ ಸವಾರಿ ಎಲ್ಲ ಸೇರಿಸಿ ಮಗ ಹೇಳಿದ ಮೊತ್ತ ಕೇಳಿ ನಮ್ಮನೆಯವರು, "ಇದು ಹೋಗುವುದಕ್ಕೋ, ಬರುವುದಕ್ಕೋ?" ಅಂದರು. "ಎರಡಕ್ಕೂ ಅಪ್ಪ. ಆ ಟೈಮಲ್ಲಿ ಜನ ಕಡಿಮೆ, ಅದಕ್ಕೇ ರೇಟು ಇಳಿದಿದೆ" ಅಂದ ಮಗ. ಜನ ಯಾಕೆ ಕಡಿಮೆ ಎನ್ನುವುದನ್ನು ದುಡ್ಡು ಕಟ್ಟಿದ ಮೇಲೆ ಬಾಯಿಬಿಟ್ಟ. ಆಗ ಅಲ್ಲಿ ರಂಜಾನ್.

ನನಗೇನೂ ಅನ್ನಿಸಲಿಲ್ಲ. ಆದರೆ ನಮ್ಮನೆಯವರು ಬ್ಯಾಂಕಿನಿಂದ ನಿವೃತ್ತರಾದರೂ ಅವರ ಹೊಟ್ಟೆ ಇನ್ನೂ ಸರ್ವಿಸಿನಲ್ಲಿದೆ. ಆರೂವರೆಗೆ ಕಾಫಿ, ಎಂಟೂವರೆಗೆ ತಿಂಡಿ, ಹನ್ನೊಂದಕ್ಕೆ ಮಜ್ಜಿಗೆ, ಒಂದಕ್ಕೆ ಊಟ, ನಾಲ್ಕಕ್ಕೆ ಮತ್ತೆ ಕಾಫಿ, ಜೊತೆಗೊಂದಿಷ್ಟು ಕುರುಕಲು. ಐದು ನಿಮಿಷ ತಡವಾದರೆ ಜಗಳವಾಡುವುದಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ಗೋಡೆ ಗಡಿಯಾರಕ್ಕೆ ಕೀಲಿ ಕೊಡುವವರ ಹಾಗೆ ನಿಲ್ಲುತ್ತಾರೆ. ಅದು ಬ್ಯಾಟರಿ ಗಡಿಯಾರ.

ಹಾಗಂತ ಉಪವಾಸ ನಮ್ಮ ಮನೆಗೆ ಹೊಸದೇನಲ್ಲ. ನಮ್ಮತ್ತೆ ಏಕಾದಶಿಯ ದಿನ ಒಂದು ಉದ್ಧರಣೆ ತೀರ್ಥ ಬಿಟ್ಟರೆ ಹನಿ ನೀರು ಮುಟ್ಟುತ್ತಿರಲಿಲ್ಲ. ಅವರ ಮಗ ಆ ಪರಂಪರೆಯನ್ನು ಯಥಾಶಕ್ತಿ ನಡೆಸಿಕೊಂಡು ಬಂದಿದ್ದಾರೆ. ಅಂದು ಅನ್ನ ಮುಟ್ಟುವುದಿಲ್ಲ. ಬೆಳಿಗ್ಗೆ ಮೊಸರವಲಕ್ಕಿ, ಮಧ್ಯಾಹ್ನ ಗೋಧಿರವೆ ಉಪ್ಪಿಟ್ಟು, ಸಬ್ಬಕ್ಕಿ ಪಾಯಸ, ಬಾಳೆಹಣ್ಣಿನ ರಸಾಯನ, ರಾತ್ರಿ ಹಾಲು, ಹಣ್ಣು, ಗೋಡಂಬಿ. ಮರುದಿನ ದ್ವಾದಶಿಯ ಪಾರಣೆಗೆ ಕತ್ತಲಿರುವಾಗಲೇ ಎದ್ದು "ನಿನ್ನೆಯಿಂದ ಹೊಟ್ಟೆಗೇನೂ ಇಲ್ಲ ನೋಡು" ಎನ್ನುತ್ತಾರೆ. ತಿಂಗಳಿಗೆ ಮೂರು ಏಕಾದಶಿ ಬರುವಂತಿದ್ದರೆ ನಮ್ಮ ಮನೆಯ ದಿನಸಿ ಬಿಲ್ಲು ಪಿಂಚಣಿಯನ್ನು ದಾಟುತ್ತಿತ್ತು.

ರಂಜಾನಿನ ಬಗ್ಗೆ ನಮಗೆ ಗೊತ್ತಿದ್ದದ್ದೂ ಅಷ್ಟಕ್ಕಷ್ಟೇ. ಬೆಂಗಳೂರಿನ ಫ್ರೇಜರ್ ಟೌನಿನ ಮಾಸ್ಕ್ ರೋಡಿಗೆ ಮಗ ಕಾಲೇಜಿನ ದಿನಗಳಲ್ಲಿ ಸ್ನೇಹಿತರ ಜೊತೆ ರಂಜಾನಿನ ರಾತ್ರಿ ತಿನ್ನಲು ಹೋಗುತ್ತಿದ್ದ. ಅಲ್ಲೇನು ತಿನ್ನುತ್ತಿದ್ದ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮನೆಯ ನೆಮ್ಮದಿ ನಿಂತಿರುವುದೇ ಇಂಥ ತಿಳುವಳಿಕೆಯ ಮೇಲೆ.

ಹೀಗಾಗಿ ದುಬೈನಲ್ಲಿರುವ ನಮ್ಮಕ್ಕನ ಮಗನಿಗೆ ಫೋನು ಹೋಯಿತು. ಅವನು ಅಲ್ಲಿಗೆ ಹೋದ ಹೊಸತರಲ್ಲಿ ರಂಜಾನಿನ ಹಗಲು ತೆರೆದಿಡುವ ಹೋಟೆಲುಗಳು ಪರದೆ ಕಟ್ಟಲೇಬೇಕಿತ್ತಂತೆ. ಪರದೆಯ ಹಿಂದೆ ಕೂತು ಇಡ್ಲಿ ತಿಂದರೂ ಏನೋ ಮಾಡಬಾರದ್ದು ಮಾಡಿದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತಂತೆ. 2021ರಲ್ಲಿ ದುಬೈ ಆ ಪರದೆಯ ನಿಯಮವನ್ನು ತೆಗೆದುಹಾಕಿತು. "ಕೈರೋ ಬೇರೆ ಬಿಡಿ ಚಿಕ್ಕಮ್ಮ. ಅಲ್ಲಿ ತಿಂದರೆ ಯಾರೂ ಹಿಡಿದುಕೊಂಡು ಹೋಗಲ್ಲ. ಪ್ರವಾಸಿಗಳನ್ನು ಕೇಳೋರೇ ಇಲ್ಲ. ಆದರೂ..." ಎಂದು ಎಳೆದ. ನಮ್ಮ ಪ್ರವಾಸವನ್ನು ನಡೆಸಿದ್ದು ಆ ಒಂದು 'ಆದರೂ'.

ಕಟ್ಟಿಕೊಂಡು ಹೋಗುವ ತಿಂಡಿಯಲ್ಲಿ ಸದ್ದಿನ ಪ್ರಶ್ನೆ ಬರುತ್ತದೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ರುಚಿ, ಎಣ್ಣೆ, ಎಷ್ಟು ದಿನ ಇಟ್ಟರೆ ಕೆಡುವುದಿಲ್ಲ ಎನ್ನುವುದಷ್ಟೇ ನಮ್ಮ ಲೆಕ್ಕ. ನಮ್ಮ ಪೂರ್ವಿಕರು ದೂರ ಪ್ರಯಾಣಕ್ಕೆಂದು ಕಂಡುಹಿಡಿದ ಚಕ್ಕುಲಿ, ಕೋಡುಬಳೆ, ಹುರಿಗಾಳು, ನಿಪ್ಪಟ್ಟು ಒಂದೊಂದೂ ಬಾಯಿಗಿಟ್ಟ ಕೂಡಲೇ ಅಕ್ಕಪಕ್ಕದವರಿಗೆ ಸುದ್ದಿ ಮುಟ್ಟಿಸುವಂಥವು. "ಚಪ್ಪರಿಸಿ ತಿನ್ನೋದು ಬೇರೆ, ಕಟುಂ ಅನ್ನಿಸೋದು ಬೇರೆ. ನಾನು ಮೆತ್ತಗೆ ಮಾಡಿಕೊಂಡು ತಿಂತೀನಿ" ಎಂದು ಕೋಡುಬಳೆಯ ಡಬ್ಬಿಯನ್ನು ಇವರೇ ಸೂಟ್‌ಕೇಸಿಗೆ ಇಟ್ಟರು.

ನಾವು ಹೋದ ವರ್ಷ, 2024ರಲ್ಲಿ, ಈಜಿಪ್ಟಿನಲ್ಲಿ ರಂಜಾನ್ ಶುರುವಾದದ್ದು ಮಾರ್ಚ್ 11ರಂದು. ಅದಕ್ಕೆ ಸ್ವಲ್ಪ ಮೊದಲು, ಮಾರ್ಚ್ 6ರಂದು, ಅಲ್ಲಿನ ಕೇಂದ್ರ ಬ್ಯಾಂಕು ಪೌಂಡಿನ ಕೈ ಬಿಟ್ಟಿತ್ತು. ಡಾಲರಿಗೆ 31ರ ಹತ್ತಿರವಿದ್ದ ದರ ಒಂದೇ ದಿನದಲ್ಲಿ 50ರ ಆಸುಪಾಸಿಗೆ ಹೋಗಿತ್ತು. ಹಣ ಬದಲಾಯಿಸುವ ಕಿಟಕಿಯಲ್ಲಿ ನೋಟಿನ ಕಂತೆ ಎಣಿಸುತ್ತ ನಮ್ಮನೆಯವರು ಹಳೆಯ ಬ್ಯಾಂಕು ನೌಕರಿಯ ಹುರುಪಿಗೆ ಬಂದಿದ್ದರು. ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ರಂಜಾನಿಗೆಂದೇ ಕೊಳ್ಳುವ ಬಾದಾಮಿ, ದ್ರಾಕ್ಷಿ, ಒಣ ಅಂಜೂರ, ಜರ್ದಾಳುಗಳ ರಾಶಿಯ ಮುಂದೆ ನಿಂತ ಹೆಂಗಸರು ಬೆಲೆ ಕೇಳುತ್ತಿದ್ದರು, ಮತ್ತೊಮ್ಮೆ ಕೇಳುತ್ತಿದ್ದರು, ಕಾಲು ಕಿಲೋ ಎನ್ನುತ್ತಿದ್ದರು. ಉಪವಾಸದ ತಿಂಗಳಲ್ಲಿ ಅಲ್ಲಿನ ಅಡುಗೆಮನೆಯ ಖರ್ಚು ಮಾಮೂಲಿಗಿಂತ ಹೆಚ್ಚಂತೆ. ಈ ಮಾತು ಕೇಳಿ ನನಗೆ ಆ ಊರು ತಕ್ಷಣ ಪರಿಚಯದ್ದು ಅನ್ನಿಸಿತು.

ಹಗಲಿನ ಕೈರೋ ಮಲಗಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬೀದಿಗಿಳಿದರೆ ಬೆಕ್ಕುಗಳು ಮತ್ತು ನಾವು. ಅಂಗಡಿಗಳು ಕಣ್ಣುಜ್ಜಿಕೊಂಡು ಬಾಗಿಲೆತ್ತುವುದು ಬಿಸಿಲೇರಿದ ಮೇಲೆ. ಪಿರಮಿಡ್ಡು, ಮ್ಯೂಸಿಯಮ್ಮುಗಳು ತೆರೆಯುತ್ತವೆ, ಆದರೆ ಆ ತಿಂಗಳಲ್ಲಿ ಬೇಗ ಮುಚ್ಚುತ್ತವೆ. ಗೀಜಾದಲ್ಲಿ ನಾಲ್ಕೂವರೆ ಸಾವಿರ ವರ್ಷ ಹಳೆಯ ಖುಫುವಿನ ಪಿರಮಿಡ್ಡಿನ ಮುಂದೆ ನಿಂತಾಗ ಸರಿಯಾಗಿ ಒಂದು ಗಂಟೆ. ಗ್ರೀಸಿನ ಹೆರೊಡೋಟಸ್ ಇಲ್ಲಿಗೆ ಬಂದಿದ್ದಾಗ ಗೋಡೆಯ ಮೇಲಿದ್ದ ಬರಹವನ್ನು ಅವನ ದುಭಾಷಿ ಓದಿ ಹೇಳಿದನಂತೆ. ಕೆಲಸಗಾರರ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗೆ ಖರ್ಚಾದದ್ದು 1600 ಟ್ಯಾಲೆಂಟ್ ಬೆಳ್ಳಿ! ನಾನು ಹೊರಡುವ ಮುಂಚೆ ಓದಿಕೊಂಡಿದ್ದ ಇತಿಹಾಸದಲ್ಲಿ ಆ ಹೊತ್ತಿಗೆ ಇವರಿಗೆ ರುಚಿಸಿದ್ದು ಇದೊಂದೇ. "ಊಟದ ಬಾಬ್ತನ್ನು ಕಲ್ಲಿನ ಮೇಲೆ ಬರೆಸಿಟ್ಟಿದ್ದಾರೆ ನೋಡು. ಅದಕ್ಕೇ ಇಷ್ಟು ವರ್ಷ ನಿಂತಿದೆ" ಅಂದರು. ಬೆಳ್ಳುಳ್ಳಿಯ ಸಂಗತಿ ತಿಳಿದಿದ್ದರೆ ನಮ್ಮತ್ತೆ ಆ ಪಿರಮಿಡ್ಡಿನ ನೆರಳನ್ನೂ ತುಳಿಯುತ್ತಿರಲಿಲ್ಲ.

ಹೋಟೆಲಿನಲ್ಲಿ ಪ್ರವಾಸಿಗಳಿಗೆ ತಿಂಡಿ ಕೊಡುತ್ತಿದ್ದರು. ಬೇಕಾದರೆ ಮಧ್ಯಾಹ್ನವೂ ಕೊಡುತ್ತಿದ್ದರು. ಕಷ್ಟವಿದ್ದದ್ದು ಬೀದಿಯಲ್ಲಿ. ಯಾರೂ ನಮ್ಮನ್ನು ತಡೆಯುತ್ತಿರಲಿಲ್ಲ ಎನ್ನುವುದೇ ನಿಜವಾದ ತೊಡಕು. ತಡೆಯುವವರು ಇದ್ದಿದ್ದರೆ ಕಣ್ಣು ತಪ್ಪಿಸಿ ತಿನ್ನಬಹುದಿತ್ತು. ಒಣಗಿದ ತುಟಿಯಲ್ಲೇ ನಗುತ್ತ "ಹಿಂದ್? ಅಮಿತಾಬ್ ಬಚ್ಚನ್!" ಎಂದು ಬರಮಾಡಿಕೊಳ್ಳುವ ಮುದುಕನ ಎದುರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುವುದು ಮಾತ್ರ ಆಗದ ಕೆಲಸ.

ಇವರು ಹಳೆ ಕೈರೋದ ಕಡೆ ಆಸೆ ಇಟ್ಟುಕೊಂಡಿದ್ದರು. ಅಲ್ಲಿ ಮಾರ್ ಗಿರ್ಗಿಸ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಕಾಪ್ಟಿಕ್ ಕ್ರೈಸ್ತರ ಪ್ರಾಚೀನ ಚರ್ಚುಗಳು. "ಕ್ರೈಸ್ತರ ಬೀದಿಯಲ್ಲಿ ರಂಜಾನ್ ಇರಲ್ಲವಲ್ಲ" ಎನ್ನುವುದು ಇವರ ತರ್ಕ. ರಂಜಾನ್ ಇರಲಿಲ್ಲ, ನಿಜ. ಈಸ್ಟರಿನ ಮುಂಚಿನ 55 ದಿನಗಳ ಅವರ ದೊಡ್ಡ ಉಪವಾಸ ಇತ್ತು. ಅದೂ ಆ ವರ್ಷ ಮಾರ್ಚ್ 11ರಂದೇ ಶುರುವಾಗಿತ್ತು! ಮುಸ್ಲಿಮರು ಹಗಲು ಏನನ್ನೂ ತಿನ್ನುವುದಿಲ್ಲ, ಕಾಪ್ಟಿಕ್ ಕ್ರೈಸ್ತರು ಹಗಲೂ ರಾತ್ರಿಯೂ ಮಾಂಸ, ಮೀನು, ಮೊಟ್ಟೆ, ಹಾಲು, ತುಪ್ಪ ಮುಟ್ಟುವುದಿಲ್ಲ. ಇಡೀ ಕೈರೋದಲ್ಲಿ ವ್ರತವಿಲ್ಲದೆ ಓಡಾಡುತ್ತಿದ್ದವರು ನಾವಿಬ್ಬರು ಮತ್ತು ಆಗಲೇ ಹೇಳಿದ ಬೆಕ್ಕುಗಳು.

ಆದರೆ ಆ ಬೀದಿಯಿಂದ ಬರಿಗೈಯಲ್ಲಿ ಬರಲಿಲ್ಲ. ಚರ್ಚಿನ ಪಕ್ಕ ಮೇಣದಬತ್ತಿ ಮಾರುತ್ತಿದ್ದ ಹೆಂಗಸೊಬ್ಬಳು, ನಾವು ಮಾಂಸ ತಿನ್ನುವುದಿಲ್ಲ ಎಂದು ಕೈಬಾಯಿ ತಿರುಗಿಸಿ ಹೇಳಿದ್ದನ್ನು ಅರ್ಥ ಮಾಡಿಕೊಂಡು "ಸಿಯಾಮಿ ಅನ್ನಿ, ಸಾಕು" ಅಂದಳು. ಕಾಪ್ಟಿಕ್ ವ್ರತದ ಅಡುಗೆಗೆ ಇರುವ ಹೆಸರು ಅದು. ಅರಬ್ಬರ ದೇಶದಲ್ಲಿ 'ವೆಜ್' ಎಂದರೆ ಕೋಳಿ ಹಾಕಿಕೊಡುತ್ತಾರೆ ಎಂದು ಹೆದರಿಸಿದ್ದವರೆಲ್ಲ ನಮಗೆ ಇದನ್ನೊಂದು ಹೇಳಿಕೊಟ್ಟಿದ್ದರೆ ಚಟ್ನಿಪುಡಿ ಅರ್ಧ ಕಿಲೋ ಕಡಿಮೆ ಹೊರಬಹುದಿತ್ತು.

ಅಲ್ಲಿಂದ ಸಿಟಾಡೆಲ್ಲಿಗೆ ಟ್ಯಾಕ್ಸಿ ಹಿಡಿದೆವು. ಚಾಲಕನಿಗೆ ಐವತ್ತರ ಮೇಲೆ ವಯಸ್ಸು, ಹಣೆಯ ನಡುವೆ ವರ್ಷಗಟ್ಟಲೆ ನಮಾಜಿನಿಂದ ಮೂಡಿದ ಕಪ್ಪು ಗುರುತು. ಹಿಂದಿನ ಸೀಟಿನಲ್ಲಿ ಇವರು ಮೆಲ್ಲನೆ ಡಬ್ಬಿ ತೆರೆದು ಒಂದು ಕೋಡುಬಳೆಯನ್ನು ಬಾಯೊಳಗೆ ಸೇರಿಸಿ ಕಿಟಕಿಯಾಚೆ ನೋಡತೊಡಗಿದರು. ಕಡಿಯುವ ಹಾಗಿಲ್ಲ. ನೆನೆಸಬೇಕು. ನನ್ನ ಕೈಯ ಕೋಡುಬಳೆ ನೆನೆಯುವ ಜಾತಿಯದಲ್ಲ ಎನ್ನುವುದನ್ನು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಸ್ವಲ್ಪ ಹೊತ್ತಿಗೆ ಅವರಿಗೊಂದು ಉಪಾಯ ಹೊಳೆಯಿತು. ಕೈರೋದಲ್ಲಿ ಹಾರನ್ನಿಗೆ ಬರವಿಲ್ಲ. ಮುಂದಿನ ಬಸ್ಸು 'ಪೋಂ' ಅಂದಾಗ ಒಂದು ಕಡಿತ. ಪಕ್ಕದ ಲಾರಿ ಅರಚಿದಾಗ ಇನ್ನೊಂದು. ನಮ್ಮ ಚಾಲಕನೇ ಯಾರಿಗೋ ಬೈಯುತ್ತ ಉದ್ದಕ್ಕೆ ಒತ್ತಿದಾಗ ಎರಡು. ಹೀಗೆ ಒಂದು ಕೋಡುಬಳೆ ಸಾಂಗವಾಗಿ ಮುಗಿದು ಎರಡನೆಯದು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ, ಕೈರೋದ ರಸ್ತೆಯಲ್ಲಿ ಯಾರೂ ಎಣಿಸಲಾರದ ಘಟನೆಯೊಂದು ನಡೆಯಿತು. ಎಲ್ಲ ಹಾರನ್ನುಗಳೂ ಒಟ್ಟಿಗೇ ನಿಂತವು. ಕಟುಂ!

ಚಾಲಕ ಕನ್ನಡಿಯಲ್ಲಿ ನೋಡಿದ. ಇವರು ತಲೆತಗ್ಗಿಸಿದರು. ಅವನು ಪಕ್ಕದಲ್ಲಿದ್ದ ನೀರಿನ ಬಾಟಲಿಯನ್ನೆತ್ತಿ "ಇತ್ಫದ್ದಲ್" ಎಂದು ಹಿಂದಕ್ಕೆ ಚಾಚಿದ. ತಗೊಳ್ಳಿ ಎಂದು. ಆಮೇಲೆ ರೇಡಿಯೋದ ಕಿವಿ ಹಿಂಡಿ, ಕಾರಿನ ಗಾಜು ಅದುರುವಷ್ಟು ಸದ್ದು ಏರಿಸಿದ. ಇನ್ನು ನೀವು ಏನನ್ನು ಬೇಕಾದರೂ ಕಡಿಯಿರಿ ಎನ್ನುವ ಹಾಗೆ.

ಇವರಿಗೆ ಮುಂದಕ್ಕೆ ತಿನ್ನಲಾಗಲಿಲ್ಲ. ಉಳಿದರ್ಧವನ್ನು ಕರವಸ್ತ್ರದಲ್ಲಿ ಸುತ್ತಿಟ್ಟರು.

ಸಿಟಾಡೆಲ್ಲು ಸಲಾದಿನ್ 1176ರಲ್ಲಿ ಕಟ್ಟಿಸಲು ಶುರುಮಾಡಿದ ಕೋಟೆ. ಸಂಜೆಯ ಉಪವಾಸ ಬಿಡುವ ಹೊತ್ತನ್ನು ಊರಿಗೆ ಸಾರುವ ಫಿರಂಗಿ ಇರುವುದು ಅಲ್ಲಿ. ಅದಕ್ಕೆ ಒಂದು ಕಥೆ ಹೇಳುತ್ತಾರೆ. ಹದಿನೈದನೆಯ ಶತಮಾನದಲ್ಲಿ ಖುಷ್‌ಕದಮ್ ಎಂಬ ಮಮ್ಲೂಕ್ ಸುಲ್ತಾನನಿಗೆ ಹೊಸ ಫಿರಂಗಿ ಬಂತಂತೆ. ಪರೀಕ್ಷೆಗೆಂದು ಹಾರಿಸಿದ್ದು ಸರಿಯಾಗಿ ಸೂರ್ಯ ಮುಳುಗುವ ಹೊತ್ತಾಯಿತಂತೆ. ಜನ, ಆಹಾ, ನಮ್ಮ ಹಸಿವಿನ ಮೇಲೆ ದೊರೆಗೆಷ್ಟು ಕಾಳಜಿ ಎಂದು ಹೊಗಳಿದರಂತೆ. ಸುಲ್ತಾನ ಹೌದೌದು, ಅದಕ್ಕೇ ಹಾರಿಸಿದ್ದು ಅಂದನಂತೆ. ಕಥೆ ನಿಜವೋ ಸುಳ್ಳೋ, ಆಳುವವರ ಸ್ವಭಾವ ಬಲ್ಲವರು ಕಟ್ಟಿದ್ದು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಸುಮಾರು ಮೂವತ್ತು ವರ್ಷ ಮೂಕವಾಗಿದ್ದ ಫಿರಂಗಿಯನ್ನು 2021ರಲ್ಲಿ ದುರಸ್ತಿ ಮಾಡಿ ಮತ್ತೆ ಬಾಯಿ ಬಿಡಿಸಿದ್ದಾರೆ. ಗಡಿಯಾರವನ್ನು ದೇವರಂತೆ ಕಾಣುವ ನಮ್ಮನೆಯವರು ಊಟದ ಹೊತ್ತಿಗೆ ಫಿರಂಗಿ ಹಾರಿಸುವ ಊರನ್ನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದರು. ನನ್ನ ಕಡೆ ಒಮ್ಮೆ ತಿರುಗಿದರು. "ನಮ್ಮ ಅಡುಗೆಮನೆಗೆ ಅದು ಹಿಡಿಸಲ್ಲ ರೀ" ಅಂದೆ.

ಐದು ಗಂಟೆಗೆ ಕೈರೋದಲ್ಲಿ ಟ್ಯಾಕ್ಸಿಯೊಳಗಿರುವುದು ಎಂದರೆ, ಹಸಿದ ಎರಡು ಕೋಟಿ ಜನ ಒಟ್ಟಿಗೇ ಮನೆಗೆ ಹೊರಟ ನಡುವೆ ಸಿಕ್ಕಿಕೊಳ್ಳುವುದು. ಕೋಟೆಯಿಂದ ಮರಳುತ್ತಿದ್ದ ನಾವು ಕೊನೆಗೆ ಇಳಿದು, ಅಲ್ ಮುಯಿಜ್ ಬೀದಿಯ ಕಡೆ ನಡೆದೇ ಹೊರಟೆವು. ಒಂದು ಓಣಿಗೆ ತಿರುಗಿದರೆ, ಈ ತುದಿಯಿಂದ ಆ ತುದಿಯವರೆಗೆ ಮೇಜು ಹಾಕಿ, ಕಾಗದ ಹಾಸಿ, ಊಟ ಬಡಿಸಿಟ್ಟಿದ್ದರು. ಇದಕ್ಕೆ ದೇವರ ಕರುಣೆಯ ಮೇಜು ಎನ್ನುತ್ತಾರೆ. ಓಣಿಯ ಅಂಗಡಿಯವರೋ, ಉಳ್ಳವರೋ, ಮಸೀದಿಯವರೋ ಖರ್ಚು ಹಾಕುತ್ತಾರೆ. ಯಾರು ಬೇಕಾದರೂ ಕೂರಬಹುದು. ಬೇಕಾದರೂ ಎನ್ನುವುದು ನನ್ನ ಮಾತು. ಏಪ್ರನ್ ಕಟ್ಟಿಕೊಂಡಿದ್ದ ಆಸಾಮಿಯೊಬ್ಬ ಇವರ ರಟ್ಟೆ ಹಿಡಿದು ಕೂರಿಸಿಯೇ ಬಿಟ್ಟ. ನಮ್ಮ ಕಡೆಯ ಮದುವೆಯಲ್ಲಿ ಹೆಣ್ಣಿನ ಸೋದರಮಾವನೂ ಅಷ್ಟು ಬಲ ಹಾಕುವುದಿಲ್ಲ.

ಆಮೇಲೆ ಆರು ಗಂಟೆ ಚಿಲ್ಲರೆ ನಿಮಿಷದವರೆಗೆ ನಡೆದದ್ದು ಏನೂ ಇಲ್ಲ. ಆ ಏನೂ ಇಲ್ಲದ್ದನ್ನೇ ನಾನು ಎಲ್ಲಕ್ಕಿಂತ ಹೆಚ್ಚು ನೋಡಿದ್ದು. ಶ್ಯಾವಿಗೆ ಬೆರೆಸಿದ ಅನ್ನದ ಹಬೆ ಮುಖಕ್ಕೆ ಬಡಿಯುತ್ತಿದೆ. ಬೇಳೆಯ ಸೂಪಿನ ಬಟ್ಟಲು, ಉಪ್ಪಿನಕಾಯಿ, ಖರ್ಜೂರ ಕೈಗೆಟಕುವಲ್ಲಿ ಇವೆ. ಬೆಳಗಿನ ಜಾವ ನಾಲ್ಕೂವರೆಯಿಂದ ನೀರು ಕಾಣದ ಗಾರೆ ಕೆಲಸದವರು, ಬಸ್ಸಿನ ಸಮವಸ್ತ್ರದವನೊಬ್ಬ, ಶಾಲೆಯ ಚೀಲ ಹೊತ್ತ ಹುಡುಗಿ, ಅವಳ ಅಜ್ಜಿ. ಯಾರ ಕೈಯೂ ಮುಂದೆ ಹೋಗುವುದಿಲ್ಲ. ಹುಡುಗಿ ತನ್ನ ಖರ್ಜೂರವನ್ನು ಸಾಲಾಗಿ ಜೋಡಿಸಿದಳು, ಕೆಡಿಸಿದಳು, ಮತ್ತೆ ಜೋಡಿಸಿದಳು. ಸಮವಸ್ತ್ರದವನು ಮೊಬೈಲಿನಲ್ಲಿ ಸಮಯ ನೋಡಿ ಪಕ್ಕದವನಿಗೆ ತೋರಿಸಿದ. ಪಕ್ಕದವನು ತನ್ನ ಕೈಗಡಿಯಾರ ತೋರಿಸಿದ. ಎರಡಕ್ಕೂ ಒಂದು ನಿಮಿಷ ವ್ಯತ್ಯಾಸ. ಸಣ್ಣದೊಂದು ವಾದವೇ ಆಯಿತು. ನಮ್ಮನೆಯವರು ತಮ್ಮ ಎಚ್‌ಎಂಟಿ ಕೈಗಡಿಯಾರ ಮುಂದೆ ಚಾಚಿದರು. ಮೂವರೂ ತಲೆ ಕೂಡಿಸಿದರು. ಭಾಷೆಯಿಲ್ಲದೆ ಗಂಡಸರು ಸ್ನೇಹಿತರಾಗಲು ಇಷ್ಟೇ ಸಾಕು ಎಂದು ಕಾಣುತ್ತದೆ. ಅಜ್ಜಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ರೇಡಿಯೋದಲ್ಲಿ ಗಂಡು ದನಿಯೊಂದು "ಇಫ್ತಾರಿನ ಫಿರಂಗಿ, ಹಾರಿಸು!" ಎಂದು ಅಪ್ಪಣೆ ಕೊಟ್ಟಿತು. ಢಂ. ಅದರ ಬೆನ್ನಿಗೇ ಅಜಾನ್. ಇನ್ನೂರು ಕೈ ಒಟ್ಟಿಗೇ ಖರ್ಜೂರಕ್ಕೆ ಇಳಿದವು.

ಏಪ್ರನ್ನಿನವನು ನಮ್ಮ ತಟ್ಟೆಗೆ ಮಾಂಸದ ತುಂಡು ಹಾಕಲು ಬಂದ. ನಾನು ಸಿದ್ಧಳಾಗಿದ್ದೆ. "ಸಿಯಾಮಿ" ಅಂದೆ. ಸೌಟು ಗಾಳಿಯಲ್ಲಿ ನಿಂತಿತು. ಮಸೀದಿಯ ಪಕ್ಕದ ರಂಜಾನ್ ಮೇಜಿನಲ್ಲಿ ಕುಂಕುಮ ಇಟ್ಟುಕೊಂಡ ಹಿಂದ್‌ನ ಹೆಂಗಸು ತಾನು ಕ್ರೈಸ್ತರ ವ್ರತದಲ್ಲಿದ್ದೇನೆ ಎಂದರೆ ಪಾಪ ಅವನು ತಾನೇ ಏನು ಮಾಡಬೇಕು? ಅಜ್ಜಿ ಬಾಯ್ತುಂಬ ನಕ್ಕು ಅವನಿಗೇನೋ ಗದರಿದಳು. ಹುಡುಗನೊಬ್ಬ ಓಡಿಹೋಗಿ ಒಣ ಬಟಾಣಿಗಿಂತ ದೊಡ್ಡ ಫೂಲ್ ಕಾಳಿನ ಬೇಯಿಸಿದ ಪಲ್ಯ, ಅದೇ ಕಾಳಿನ ಬಿಸಿಬಿಸಿ ವಡೆ, ರೊಟ್ಟಿ ತಂದಿಟ್ಟ. ಆ ವಡೆಗೆ ಅಲ್ಲಿ ತಆಮಿಯ್ಯ ಎನ್ನುತ್ತಾರೆ. ನಮ್ಮ ಧರ್ಮ ಯಾವುದು ಎಂದು ಕೊನೆಯವರೆಗೂ ಯಾರೂ ಕೇಳಲಿಲ್ಲ. ಇನ್ನೊಂದು ವಡೆ ಯಾಕೆ ಬೇಡ ಎಂದು ಮಾತ್ರ ಎಲ್ಲರೂ ಕೇಳಿದರು. ಹತ್ತೇ ನಿಮಿಷಕ್ಕೆ ಊಟ ಮುಗಿದು, ಮೇಜು ಮಡಚಿ, ಓಣಿ ಗುಡಿಸಿಯಾಗಿತ್ತು.

ರಾತ್ರಿಯ ಕೈರೋದ ಬಗ್ಗೆ ಬರೆಯುವವರು ತುಂಬ ಮಂದಿ ಇದ್ದಾರೆ, ನಾನು ಬೇಗ ಮುಗಿಸುತ್ತೇನೆ. ತಗಡು ಮತ್ತು ಬಣ್ಣದ ಗಾಜಿನ ಫಾನೂಸ್ ದೀಪಗಳು ಬೀದಿಯ ನೆತ್ತಿಯ ಮೇಲೆಲ್ಲ. ಫಾತಿಮಿ ಖಲೀಫ ಅಲ್ ಮುಯಿಜ್ 973ರ ರಂಜಾನಿನಲ್ಲಿ ಊರು ಪ್ರವೇಶಿಸಿದಾಗ ಜನ ದೀಪ ಹಿಡಿದು ಎದುರುಗೊಂಡರು, ಅಂದಿನಿಂದ ಈ ಪದ್ಧತಿ ಎನ್ನುತ್ತಾರೆ. ನಡುವೆ ಹಾಡು ಹೇಳುವ ಚೀನಾದ ಪ್ಲಾಸ್ಟಿಕ್ ಫಾನೂಸ್‌ಗಳು ಮಾರುಕಟ್ಟೆ ತುಂಬಿ, 2015ರಲ್ಲಿ ಸರಕಾರ ಆಮದನ್ನೇ ನಿಷೇಧಿಸಬೇಕಾಯಿತು. ಅಲ್ ಹುಸೇನ್ ಚೌಕದ ಹತ್ತಿರ, ಹೊಟ್ಟೆಯ ಮೇಲೆ ದೊಡ್ಡ ಹೂಜಿ ಕಟ್ಟಿಕೊಂಡು ಹಿತ್ತಾಳೆ ತಟ್ಟೆ ತಾಳ ಹಾಕುತ್ತ ಬಂದವನಿಂದ ಇವರು ಒಂದು ಲೋಟ ಕಪ್ಪು ಪಾನಕ ಕೊಂಡರು. ಒಂದು ಗುಟುಕಿಗೇ ಮುಖ ಕಿವುಚಿ "ಇದು ನಮ್ಮಮ್ಮ ಕೆಮ್ಮಿಗೆ ಕೊಡುತ್ತಿದ್ದ ಕಷಾಯ ಕಣೇ" ಅಂದರು. ಅಪ್ಪಟ ಅತಿಮಧುರ. ದುಡ್ಡು ಕೊಟ್ಟದ್ದಕ್ಕೆ ಪೂರ್ತಿ ಕುಡಿದರು. ಅದರ ರುಚಿ ಹೋಗಲೆಂದು ಹುಣಸೆ ಪಾನಕ, ಅದರ ಹುಳಿ ಹೋಗಲೆಂದು ಬೀಜಗಳ ಹೂರಣ ತುಂಬಿ ಕರಿದು ಸಕ್ಕರೆ ಪಾಕದಲ್ಲಿ ಮುಳುಗಿಸಿದ ಕತಾಯೆಫ್. ರಂಜಾನ್ ಬಿಟ್ಟರೆ ಇದು ಸಿಗುವುದೇ ಅಪರೂಪವಂತೆ. ನಮ್ಮನೆಯವರ ಸಕ್ಕರೆ ಕಾಯಿಲೆಗೆ ಇದೊಂದು ದೊಡ್ಡ ಸಮಾಧಾನವಾಯಿತು: ವರ್ಷಕ್ಕೊಮ್ಮೆ ತಾನೇ!

ಹೋಟೆಲಿಗೆ ಮರಳಿದಾಗ ಮಧ್ಯರಾತ್ರಿ ದಾಟಿತ್ತು. ಕೌಂಟರಿನ ಹುಡುಗ ಟಿವಿಗೆ ಅಂಟಿಕೊಂಡಿದ್ದ. ಆ ದೇಶದ ದೊಡ್ಡ ಧಾರಾವಾಹಿಗಳು ಹೆಚ್ಚಾಗಿ ಬಿಡುಗಡೆಯಾಗುವುದು ರಂಜಾನಿನಲ್ಲೇ. ದಿನಕ್ಕೊಂದರಂತೆ ತಿಂಗಳಿಗೆ ಹೆಚ್ಚೆಂದರೆ ಮೂವತ್ತು ಕಂತು, ಕಥೆ ಸಮಾಪ್ತಿ. ಆ ವರ್ಷ 'ಅಲ್ ಹಶ್ಶಾಶೀನ್' ಎಂಬ ಐತಿಹಾಸಿಕ ಕಥೆಯ ಮೇಲೆ ಊರೆಲ್ಲ ಮಾತು. ಹತ್ತು ವರ್ಷದಿಂದ ಒಂದೇ ಸೊಸೆ ಒಂದೇ ಮೆಟ್ಟಿಲು ಇಳಿಯುವುದನ್ನು ನೋಡುತ್ತಿರುವ ನನಗೆ ಈ ಶಿಸ್ತು ಕಂಡು ಹೊಟ್ಟೆಕಿಚ್ಚಾಯಿತು. ಇವರು ಕೀಲಿ ಇಸಿದುಕೊಳ್ಳುತ್ತ ಸುಮ್ಮನಿರದೆ, ಇವತ್ತು ನಾವೂ ನಿಮ್ಮ ಜೊತೆ ಉಪವಾಸ ಬಿಟ್ಟೆವು ಎಂದು ಬೀಗಿದರು. ಹುಡುಗ ಎದ್ದು ಎದೆಯ ಮೇಲೆ ಕೈಯಿಟ್ಟುಕೊಂಡ.

ಅದರ ಫಲ ಮೂರೂಕಾಲಿಗೆ ಸಿಕ್ಕಿತು. ಬೀದಿಯಲ್ಲಿ ಸಣ್ಣ ಡೋಲು ಬಾರಿಸುತ್ತ, ಮನೆಮನೆಯವರ ಹೆಸರು ಕೂಗುತ್ತ ಎಬ್ಬಿಸುವವನು ಹೋಗುತ್ತಿದ್ದ. ಒಳಗೆ ನಮ್ಮ ಬಾಗಿಲು ಬಡಿದುಕೊಳ್ಳುತ್ತಿತ್ತು. ಹುಡುಗ ನಮ್ಮಿಬ್ಬರನ್ನೂ ನಸುಕಿನ ಸಹೂರ್ ಊಟಕ್ಕೆ ಏಳುವವರ ಪಟ್ಟಿಗೆ ಸೇರಿಸಿಬಿಟ್ಟಿದ್ದ. ನಾನು ಹೊದಿಕೆ ಎಳೆದುಕೊಂಡೆ. ಇವರು ಪಾರಣೆಯ ಅಭ್ಯಾಸದ ಮೇಲೆ ಎದ್ದು ಮುಖ ತೊಳೆದು ಶಾಲು ಹೊದ್ದು ನಿಂತಾಗಿತ್ತು. ಕೆಳಗೆ ಹೋಟೆಲಿನ ಕೆಲಸದವರ ಜೊತೆ ಕೂತು ಫೂಲ್, ಮೊಸರು, ರೊಟ್ಟಿ, ಸೌತೆಕಾಯಿ ಎಲ್ಲ ತಿಂದರು. ನಾನು ಚಹಾ ಕುಡಿದೆ. ತಟ್ಟೆ ತೆಗೆಯಲು ಬಂದ ಹುಡುಗನನ್ನು ಇವರು ಕೇಳಿದರು, "ಎಂಟೂವರೆಯ ತಿಂಡಿ ಯಥಾಪ್ರಕಾರ ಇದೆ ತಾನೇ?"

ಹುಡುಗ ತಬ್ಬಿಬ್ಬಾದ. "ನೀವು ರೋಜಾ ಹಿಡಿಯುತ್ತೀರಿ ಅಂದುಕೊಂಡೆ."

"ಹಿಡಿಯುವ ಮನಸ್ಸಿತ್ತು. ಆದರೆ ಪ್ರಯಾಣದಲ್ಲಿರುವವರಿಗೆ ವಿನಾಯಿತಿ ಇದೆಯಂತಲ್ಲ. ಕುರ್‌ಆನಿನಲ್ಲೇ ಹೇಳಿರುವಾಗ ನಾವು ಮೀರಬಾರದು."

"ವಿನಾಯಿತಿ ಇದೆ" ಎಂದ ಹುಡುಗ. "ಆದರೆ ಬಿಟ್ಟಷ್ಟು ದಿನಗಳನ್ನು ಊರಿಗೆ ಹೋದಮೇಲೆ ಹಿಡಿದು ತೀರಿಸಬೇಕು."

ಮೂವತ್ತೆಂಟು ವರ್ಷ ಸಾಲದ ವಿಭಾಗದಲ್ಲಿ ಕೂತು ಬಂದವರು ಕನ್ನಡಕ ಸರಿಮಾಡಿಕೊಂಡರು. "ವಾಯಿದೆ ಎಷ್ಟು?"

"ಮುಂದಿನ ರಂಜಾನಿನ ಒಳಗೆ."

"ಬಡ್ಡಿ?"

"ಅಯ್ಯೋ, ಬಡ್ಡಿ ಹರಾಮ್!"

"ಹಾಗಾದರೆ ಎಂಟೂವರೆಗೇ ಬರುತ್ತೇವೆ" ಎಂದು ಇವರು ಮೇಲೆದ್ದರು.